ಊರು ಕಾಣುತ್ತದೆ, ಹೊಳೆ ದಾಟಬೇಕು

ದಸರಾ ರಜೆ ಬಂತೆಂದರೆ ನಮ್ಮ ಕಡೆಯ ಬಸ್ ನಿಲ್ದಾಣಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹೈದರಾಬಾದಿಗೆ ಗಾರೆ ಕೆಲಸಕ್ಕೆ ಹೋದವರು, ಬೆಂಗಳೂರಿನ ಕಟ್ಟಡಗಳಲ್ಲಿ ಸಿಮೆಂಟು ಹೊತ್ತವರು, ಪುಣೆ-ಮುಂಬಯಿಗೆ ಗುಳೆ ಹೋದವರು, ಹಾಸ್ಟೆಲಿನ ಮಕ್ಕಳು, ತವರಿಗೆ ಹೊರಟ ಹೆಣ್ಣುಮಕ್ಕಳು ಎಲ್ಲರೂ ಅಲ್ಲಿರುತ್ತಾರೆ. ಎಲ್ಲರ ಕೈಯಲ್ಲೂ ಚೀಲ, ಎಲ್ಲರ ಬಾಯಲ್ಲೂ ಊರಿನ ಹೆಸರು. ಪರದೇಶಕ್ಕೆ ಹೋಗುವವರಿಗೆ ಬುದ್ಧಿ ಹೇಳಲು ನೂರು ಜನ ಮುಂದೆ ಬರುತ್ತಾರೆ: ಪಾಸ್‌ಪೋರ್ಟ್ ಜೋಪಾನ, ದುಡ್ಡು ಜೋಪಾನ, ಅಪರಿಚಿತರನ್ನು ನಂಬಬೇಡ. ಸ್ವಂತ ಊರಿಗೆ ಹೊರಟವರಿಗೆ ಮಾತ್ರ ಯಾರೂ ಏನನ್ನೂ ಹೇಳುವುದಿಲ್ಲ. ಹುಟ್ಟಿದ ಊರಿಗೆ ಹೋಗುವುದಕ್ಕೆ ಎಂಥ ಭಯ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ.

ಪ್ರಿಯ ಓದುಗರೇ, ನಮ್ಮ ಈ ಸೀಮೆಯ ಭೂಪಟವನ್ನು ಒಮ್ಮೆ ನೋಡಿ. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ. ಗದ್ವಾಲ, ಶಾಂತಿನಗರ, ಆಲಂಪುರಗಳು ಈ ಎರಡು ಹೊಳೆಗಳ ನಡುವೆ ಇವೆ. ತೆಲುಗಿನವರು ಇದನ್ನು ನಡಿಗಡ್ಡ ಎಂದೇ ಕರೆಯುತ್ತಾರೆ. ಮಕ್ತಲ್, ನಾರಾಯಣಪೇಟೆ ಕೃಷ್ಣೆಯ ಆಚೆ ದಡಕ್ಕೆ. ಅಲ್ಲಿಯೇ ಗಡಿಯಲ್ಲಿ ಭೀಮೆ ಬಂದು ಕೃಷ್ಣೆಯನ್ನು ಸೇರುತ್ತಾಳೆ. 1956ರ ನವೆಂಬರ್ 1ರವರೆಗೆ ಗದ್ವಾಲ, ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಗೇ ಸೇರಿದ್ದವು. ರಾಜ್ಯಗಳು ಬೇರೆಯಾದ ಮೇಲೆ ಕಚೇರಿಗಳು ಬೇರೆಯಾದವು, ಬೀಗತನ ಬೇರೆಯಾಗಲಿಲ್ಲ. ಮಗಳನ್ನು ಆಚೆ ಕೊಟ್ಟವರು, ಸೊಸೆಯನ್ನು ಈಚೆ ತಂದವರು, ಹತ್ತಿ ಬೀಜದ ಹೊಲಗಳಿಗೆ ಕೂಲಿಗೆ ಬರುವವರು, ಸಂತೆಗೆ ಹೋಗುವವರು ದಿನವೂ ಹೊಳೆ ದಾಟುತ್ತಾರೆ. ದೇವಸೂಗೂರಿನ ಹತ್ತಿರ ನಿಜಾಮರ ಕಾಲದ ಸೇತುವೆ ಇದೆ, ಹೆದ್ದಾರಿಯಲ್ಲಿ ಬೀಚುಪಲ್ಲಿ ಸೇತುವೆ ಇದೆ. ಆದರೆ ಎಲ್ಲರ ಊರೂ ಸೇತುವೆಯ ಪಕ್ಕದಲ್ಲಿರುವುದಿಲ್ಲ. ಐನೂರು ಮೈಲಿ ರೈಲಿನಲ್ಲಿ, ಬಸ್ಸಿನಲ್ಲಿ ಸುಖವಾಗಿ ಬಂದವನಿಗೆ ಅಪಾಯ ಕಾದಿರುವುದು ಮನೆ ಮುಟ್ಟುವ ಕೊನೆಯ ಒಂದು ಮೈಲಿಯಲ್ಲಿ.

ಹದಿಮೂರು ಮಂದಿ, ಒಂದು ಪುಟ್ಟಿ

ರಾಯಚೂರು ತಾಲ್ಲೂಕಿಗೆ ಸೇರಿದ ಕುರ್ವಕಲಾ, ಕುರ್ವಕುರ್ದಾ ಎಂಬ ಎರಡು ಊರುಗಳು ಕೃಷ್ಣೆಯ ನಡುಗಡ್ಡೆಗಳಲ್ಲಿವೆ. (ಕಲಾ ಎಂದರೆ ದೊಡ್ಡದು, ಕುರ್ದಾ ಎಂದರೆ ಚಿಕ್ಕದು, ನಿಜಾಮರ ಕಾಲದ ಕಂದಾಯದ ಪಾರಸಿ ಮಾತು ಇನ್ನೂ ಊರಿನ ಹೆಸರಿನಲ್ಲಿ ಉಳಿದುಕೊಂಡಿದೆ.) ಕಾಗದದ ಮೇಲೆ ಇವು ಕರ್ನಾಟಕದ ಊರುಗಳಾದರೂ ಉಪ್ಪು ಬೇಳೆಗೆ ಎಷ್ಟೋ ಸಲ ಹತ್ತಿರವಾಗುವುದು ತೆಲಂಗಾಣದ ದಡ. ಮಕ್ತಲ್ ಕಡೆಯ ಪಂಚದೇವಪಹಾಡ್ ಗ್ರಾಮದಿಂದ ಪುಟ್ಟಿಯಲ್ಲಿ ಕುಳಿತರೆ ಊರು ಎದುರಿಗೇ ಕಾಣುತ್ತದೆ.

2020ರ ಆಗಸ್ಟ್ 17ರಂದು ಹೀಗೆಯೇ ಪಂಚದೇವಪಹಾಡ್‌ನಿಂದ ದಿನಸಿ ಕೊಂಡು ಊರಿಗೆ ಮರಳುತ್ತಿದ್ದ ಕುರ್ವಕಲಾದ ಜನರ ಪುಟ್ಟಿ ಮಗುಚಿತು. ಅದರಲ್ಲಿ ಹದಿಮೂರು ಮಂದಿ ಇದ್ದರು. ಒಂಬತ್ತು ಮಂದಿ ಬದುಕಿದರು, ನಾಲ್ವರು ಹೊಳೆಯ ಪಾಲಾದರು. ಅವು ಕೃಷ್ಣೆ ತುಂಬಿ ಹರಿಯುತ್ತಿದ್ದ ದಿನಗಳು.

ಸುದ್ದಿ ಓದಿದ ಪಟ್ಟಣದ ಜನ ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಅಷ್ಟು ನೀರಿದ್ದಾಗ ಯಾಕೆ ದಾಟಿದರು? ಇದು ಹೊಟ್ಟೆ ತುಂಬಿದವರ ಪ್ರಶ್ನೆ ಎಂದು ನಮಗೆ ಅನ್ನಿಸುತ್ತದೆ. ಹೊಳೆಯ ಆಚೆಗೆ ಮನೆ ಇರುವವರಿಗೆ ಈಚೆ ದಡದಲ್ಲಿ ರಾತ್ರಿ ಕಳೆಯಲು ಗೂಡಿಲ್ಲ. ಮನೆಯಲ್ಲಿ ಮಕ್ಕಳು ಕಾಯುತ್ತಿರುತ್ತಾರೆ, ಎಮ್ಮೆಗೆ ಮೇವು ಹಾಕಬೇಕು, ಹಾಲು ಕರೆಯಬೇಕು. ಒಂದು ದಿನ ತಪ್ಪಿದರೆ ಒಂದು ದಿನದ ಕೂಲಿ ಹೋಯಿತು. ಇಷ್ಟೆಲ್ಲ ಒತ್ತಡವಿದ್ದಾಗ ಎದುರಿಗೆ ಊರೂ ಕಾಣುತ್ತಿದ್ದರೆ, ಮಗ್ಗುಲಲ್ಲಿ ಇನ್ನು ಹನ್ನೆರಡು ಜನ ಹೊರಟು ನಿಂತಿದ್ದರೆ, 'ನಾನು ಬರುವುದಿಲ್ಲ' ಎನ್ನುವ ಧೈರ್ಯ ಯಾರಿಗೆ ಬಂದೀತು? ಎಚ್ಚರಿಕೆಯ ಮಾತುಗಳಿಗಿಂತ ಮೊದಲು ಬೇಕಾಗಿರುವುದು ದಡದ ಈಚೆ ತಂಗಲು ಒಂದು ಜಾಗ.

ಪುಟ್ಟಿಯ ಬಗ್ಗೆ ಗೊತ್ತಿಲ್ಲದವರಿಗಾಗಿ ಎರಡು ಮಾತು. ಹೊಸಪೇಟೆ, ಆನೆಗೊಂದಿ ಕಡೆ ಹರಿಗೋಲು ಎನ್ನುವುದನ್ನೇ ಇಲ್ಲಿ ಪುಟ್ಟಿ ಎನ್ನುತ್ತಾರೆ, ಕೆಲವರು ತೆಪ್ಪ ಎನ್ನುತ್ತಾರೆ. ಬಿದಿರಿನ ದಬ್ಬೆಗಳಿಂದ ಹೆಣೆದ ದುಂಡನೆಯ ಬುಟ್ಟಿ. ಹಿಂದೆ ಹೊರಗಡೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಅದಕ್ಕೆ ಮುಂದು ಹಿಂದು ಎಂಬುದಿಲ್ಲ. ಒಬ್ಬನ ಕೈಯಲ್ಲಿ ಒಂದೇ ಹುಟ್ಟು. ಬೇಸಿಗೆಯ ನಿಂತ ನೀರಿನಲ್ಲಿ ಅದಕ್ಕಿಂತ ಒಳ್ಳೆಯ ವಾಹನವಿಲ್ಲ: ಬಂಡೆಗೆ ತಾಗಿದರೂ ಒಡೆಯುವುದಿಲ್ಲ, ಮೊಣಕಾಲು ನೀರಿದ್ದರೂ ತೇಲುತ್ತದೆ. ಆದರೆ ಸೆಳವು ಬಂದಾಗ ಅದು ಗಿರಗಿರನೆ ತಿರುಗುತ್ತದೆ. ತಿರುಗಿದಾಗ ಒಳಗಿರುವವರು ಹೆದರಿ ಎದ್ದು ಒಂದೇ ಮಗ್ಗುಲಿಗೆ ವಾಲುತ್ತಾರೆ. ಮಗುಚಲು ಅಷ್ಟು ಸಾಕು. ಆದ್ದರಿಂದ ಪುಟ್ಟಿಯಲ್ಲಿ ಕೂತವರು ಏನೇ ಆದರೂ ಏಳಬಾರದು ಎಂಬುದು ಹುಟ್ಟು ಹಾಕುವವರು ಮೊದಲು ಹೇಳುವ ಮಾತು. ಅದನ್ನು ಕೇಳುವವರು ಮಾತ್ರ ಕಡಿಮೆ.

ಹೊಳೆ ತುಂಬಿದಾಗ ಮಾತ್ರ ಅಪಾಯ ಎಂದೂ ತಿಳಿಯಬಾರದು. 2007ರ ಜನವರಿಯಲ್ಲಿ ಇದೇ ಕೃಷ್ಣೆಯ ಕೆಳಗಡೆ, ಶ್ರೀಶೈಲ ಜಲಾಶಯದ ಹಿನ್ನೀರಿನಲ್ಲಿ, ಸಿಂಗೋಟಂ ಜಾತ್ರೆಗೆ ಹೊರಟಿದ್ದ ದೋಣಿ ಮುಳುಗಿ ಸುಮಾರು 60 ಜನ ಸತ್ತರು. ಅದು ಮಳೆಗಾಲವಲ್ಲ, ಸಂಕ್ರಾಂತಿಯ ಹೊತ್ತು. ಜಾತ್ರೆಯ ದಿನ 'ಇನ್ನೊಬ್ಬರು ಹತ್ತಲಿ ಬಿಡಿ' ಎನ್ನುವ ದಾಕ್ಷಿಣ್ಯವಿದೆಯಲ್ಲ, ಅದಕ್ಕೆ ಪ್ರವಾಹವೇ ಬೇಕಾಗಿಲ್ಲ.

ನಮ್ಮ ಹೊಳೆಗೆ ಯಾರದೋ ಮಳೆ

ಹೊರಗಿನಿಂದ ಬರುವವರು ಮೋಸ ಹೋಗುವುದು ಆಕಾಶ ನೋಡಿ. ಮಕ್ತಲ್‌ನಲ್ಲಿ ಬಿಸಿಲು ಕಾಯುತ್ತಿರುತ್ತದೆ, ಗದ್ವಾಲದಲ್ಲಿ ಒಂದು ಹನಿ ಬಿದ್ದಿರುವುದಿಲ್ಲ. ಆದರೂ ಹೊಳೆ ಏರುತ್ತಿರುತ್ತದೆ. ಕೃಷ್ಣೆಯ ನೀರು ಮಹಾಬಲೇಶ್ವರದ ಕಡೆಯಿಂದ, ಭೀಮೆಯ ನೀರು ಪುಣೆ, ಸೊಲ್ಲಾಪುರದ ಕಡೆಯಿಂದ, ತುಂಗಭದ್ರೆಯ ನೀರು ಮಲೆನಾಡಿನಿಂದ ಬರುತ್ತದೆ. ಆಲಮಟ್ಟಿ, ಯಾದಗಿರಿ ಜಿಲ್ಲೆಯ ನಾರಾಯಣಪುರ, ಹೊಸಪೇಟೆಯ ತುಂಗಭದ್ರಾ ಅಣೆಕಟ್ಟು, ಈ ಮೂರು ಕಡೆ ಗೇಟು ಎತ್ತಿದರೆ ನಮ್ಮ ಕಡೆ ಮಳೆ ಬಂದಂತೆಯೇ ಲೆಕ್ಕ.

ಟಿ.ವಿ.ಯಲ್ಲಿ 'ಒಂದು ಲಕ್ಷ ಕ್ಯೂಸೆಕ್ಸ್ ಬಿಡಲಾಗಿದೆ' ಎನ್ನುತ್ತಾರೆ, ನಾವು ಕೇಳಿ ಸುಮ್ಮನಾಗುತ್ತೇವೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಒಂದು ಲಕ್ಷ ಕ್ಯೂಸೆಕ್ಸ್ ಎಂದರೆ ಸೆಕೆಂಡಿಗೆ 28 ಲಕ್ಷ ಲೀಟರ್. ಮದುವೆ ಮನೆಗೆ ತರಿಸುತ್ತೇವಲ್ಲ, ಆ 12 ಸಾವಿರ ಲೀಟರಿನ ನೀರಿನ ಟ್ಯಾಂಕರುಗಳು ಪ್ರತಿ ಸೆಕೆಂಡಿಗೆ 230ಕ್ಕೂ ಹೆಚ್ಚು ನಮ್ಮ ಮುಂದೆ ಸಾಗಿ ಹೋದಂತೆ. 2019ರ ಆಗಸ್ಟ್‌ನಲ್ಲಿ ನಾರಾಯಣಪುರದಿಂದ 6 ಲಕ್ಷ ಕ್ಯೂಸೆಕ್ಸ್ ಬಿಟ್ಟಿದ್ದರು. ಗದ್ವಾಲದ ಹತ್ತಿರದ ಜುರಾಲ ಜಲಾಶಯ ಹಿಡಿಯುವುದು 10 ಟಿಎಂಸಿ ಆಸುಪಾಸು. ಅಂಥ ಹರಿವಿಗೆ ಬರಿದಾದ ಜುರಾಲವೂ ಐದು ಗಂಟೆಯೊಳಗೆ ತುಂಬಿ ಹೋಗುತ್ತದೆ. ಮಳೆಗಾಲದಲ್ಲಿ ಅದು ಮೊದಲೇ ತುಂಬಿರುವುದರಿಂದ ಬಂದ ನೀರನ್ನು ಬಂದ ಹಾಗೆ ಕೆಳಗೆ ಬಿಡದೆ ದಾರಿಯಿಲ್ಲ. ಆಗ ಜುರಾಲದ ಕೆಳಗಿರುವ ಗುರ್ರಂಗಡ್ಡ ನಡುಗಡ್ಡೆಯವರಿಗೆ ದಡ ದೂರವಾಗುತ್ತದೆ. ಗರ್ಭಿಣಿಯರನ್ನು, ರೋಗಿಗಳನ್ನು ದಾಟಿಸುವುದೇ ಅಲ್ಲಿ ದೊಡ್ಡ ಚಿಂತೆ.

ಒಂದು ಅನುಕೂಲವೂ ಇದೆ. ಮೇಲೆ ಬಿಟ್ಟ ನೀರು ನಮ್ಮ ಕಡವನ್ನು ತಲುಪಲು ಹೊತ್ತು ಹಿಡಿಯುತ್ತದೆ. ಆ ಹೊತ್ತೇ ನಮ್ಮ ಪಾಲಿನ ಎಚ್ಚರಿಕೆಯ ಗಂಟೆ. ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಬಸ್ಸು ಹತ್ತುವ ಮೊದಲು ಊರಿಗೆ ಫೋನು ಮಾಡಿ 'ಮಳೆ ಇದೆಯಾ?' ಎಂದು ಕೇಳುವುದಕ್ಕಿಂತ 'ನಾರಾಯಣಪುರದಿಂದ ಎಷ್ಟು ಬಿಟ್ಟಿದ್ದಾರೆ?' ಎಂದು ಕೇಳಬೇಕು. ತುಂಗಭದ್ರೆಯ ದಂಡೆಯವರು ಹೊಸಪೇಟೆಯ ಸುದ್ದಿ ಕೇಳಬೇಕು. ಭೀಮೆಯ ಕಡೆಯವರು ಉಜನಿ ಅಣೆಕಟ್ಟಿನ ಸುದ್ದಿ ಕೇಳಬೇಕು. 2020ರ ಅಕ್ಟೋಬರ್‌ನಲ್ಲಿ ಕಲಬುರಗಿ, ಯಾದಗಿರಿ ಜಿಲ್ಲೆಗಳನ್ನು ಮುಳುಗಿಸಿದ್ದು ಭೀಮೆಯೇ.

ರಾಜೋಲಿಯ ಆ ದಸರಾ

2009ರಲ್ಲಿ ವಿಜಯದಶಮಿ ಸೆಪ್ಟೆಂಬರ್ 28ಕ್ಕೆ ಬಂದಿತ್ತು. ಹಬ್ಬಕ್ಕೆಂದು ಊರಿಗೆ ಬಂದವರು ಗಾಂಧಿ ಜಯಂತಿಯ ರಜೆ ಮುಗಿಸಿಕೊಂಡು ಹೋದರಾಯಿತು ಎಂದು ಉಳಿಯುವಂಥ ದಿನಗಳು. ಆ ಅಕ್ಟೋಬರ್‌ನ ಮೊದಲ ಎರಡು ಮೂರು ದಿನಗಳಲ್ಲಿ ತುಂಗಭದ್ರೆ ಉಕ್ಕಿತು. ಶಾಂತಿನಗರಕ್ಕೆ ಹತ್ತಿರದ ರಾಜೋಲಿ, ನೇಕಾರರ ಊರು, ನೀರಿನಲ್ಲಿ ಮುಳುಗಿತು. ಪಕ್ಕದ ಸುಂಕೇಸುಲ ಬ್ಯಾರೇಜಿನ ಮೇಲೆಯೇ ನೀರು ಹಾರಿತು. ಆಲಂಪುರ ಮುಳುಗಿತು, ಕರ್ನೂಲು ಪಟ್ಟಣ ಮುಳುಗಿತು, ಮಂತ್ರಾಲಯದಲ್ಲಿ ಯಾತ್ರಿಕರು ಸಿಕ್ಕಿಬಿದ್ದರು. ಈಚೆ ರಾಯಚೂರು ಜಿಲ್ಲೆಯ ಹೊಳೆದಂಡೆಯ ಹಳ್ಳಿಗಳ ಪಾಡೂ ಅದೇ. ಎರಡು ಹೊಳೆಗಳೂ ಸೇರಿದ ಕೆಳಗಿನ ಶ್ರೀಶೈಲ ಅಣೆಕಟ್ಟಿಗೆ ಬಂದ ನೀರು 25 ಲಕ್ಷ ಕ್ಯೂಸೆಕ್ಸ್ ಮೀರಿತ್ತು. ಆ ಅಣೆಕಟ್ಟನ್ನು ಕಟ್ಟಿದ ಲೆಕ್ಕ 19 ಲಕ್ಷ.

ಆಗ ದೂರದ ಊರುಗಳಲ್ಲಿದ್ದವರೆಲ್ಲ ಒಂದೇ ಕೆಲಸ ಮಾಡಲು ಹೊರಟರು: ಊರಿಗೆ ಓಡುವುದು. ಅಪ್ಪ ಅಮ್ಮ ಏನಾದರೋ ಎಂಬ ಸಂಕಟ. ಇದನ್ನು ತಪ್ಪು ಎನ್ನಲು ನಮಗೆ ಬಾಯಿ ಬಾರದು. ಆದರೆ ಮುಳುಗಿದ ಊರಿಗೆ ಹೊರಟ ಪ್ರತಿಯೊಬ್ಬರೂ ದಾರಿಯಲ್ಲಿ ಇನ್ನೊಬ್ಬರು ಕಾಪಾಡಬೇಕಾದ ಜೀವವಾಗುತ್ತಾರೆ. ಅಂಥ ಹೊತ್ತಿನಲ್ಲಿ ಪರಿಹಾರ ಕೇಂದ್ರ ಎಲ್ಲಿದೆ, ಊರಿನವರು ಯಾವ ಶಾಲೆಯಲ್ಲಿದ್ದಾರೆ ಎಂದು ತಿಳಿದು ಅಲ್ಲಿಗೆ ಹೋಗುವುದು ಮೇಲು. ಊರು ಎಂದರೆ ಆ ದಿನ ಗೋಡೆಗಳಲ್ಲ, ಅಲ್ಲಿ ಕೂತಿರುವ ನಮ್ಮ ಜನ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಚೈನು ತುಂಡಾಗಿ ಕೊಚ್ಚಿಹೋದಾಗ ರಾಜೋಲಿಯ ನೆನಪು ಎಲ್ಲರಿಗೂ ಮತ್ತೆ ಬಂತು. ಅಣೆಕಟ್ಟಿನ ಕೆಳಗಿನ ಊರುಗಳಿಗೆಲ್ಲ ಎಚ್ಚರಿಕೆ ಹೋಯಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಒಂದು ವಾರದೊಳಗೆ ತಾತ್ಕಾಲಿಕ ಗೇಟು ಇಳಿಸಿದರು. ಆ ವಾರ ಸ್ವಾತಂತ್ರ್ಯೋತ್ಸವದ ರಜೆಗೆ ಊರಿಗೆ ಹೊರಡಬೇಕೆಂದಿದ್ದವರು ಹೊರಡಲೋ ಬೇಡವೋ ಎಂದು ಯೋಚಿಸಿದ್ದರೆ ಅದು ಹೇಡಿತನವಲ್ಲ.

ಸೇತುವೆ ಇದ್ದರೂ

ಸೇತುವೆ ಇದ್ದಮೇಲೆ ಭಯವಿಲ್ಲ ಎನ್ನುವಂತಿಲ್ಲ. ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ, ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆ ನೀರು ಹೆಚ್ಚಾದಾಗ ಮುಳುಗುತ್ತವೆ. ಮುಳುಗಿದ ಸೇತುವೆಯ ಮೇಲೆ ಒಂದಡಿ ನೀರು ಹರಿಯುತ್ತಿದ್ದರೆ ಸಣ್ಣ ಕಾರು ತೇಲಿಹೋಗುತ್ತದೆ. ಬೈಕಿಗೆ ಅಷ್ಟೂ ಬೇಡ. ಕೆಳಗೆ ರಸ್ತೆ ಇದೆಯೋ ಕಿತ್ತುಹೋಗಿದೆಯೋ ಎಂಬುದು ಕೆಂಪು ನೀರಿನಲ್ಲಿ ಕಾಣುವುದೇ ಇಲ್ಲ.

2019ರ ಆಗಸ್ಟ್‌ನ ಪ್ರವಾಹದಲ್ಲಿ ದೇವದುರ್ಗ ತಾಲ್ಲೂಕಿನ ಹಿರೇರಾಯಕುಂಪಿಯ ಹತ್ತಿರ ನಡೆದದ್ದು ದೇಶಕ್ಕೆಲ್ಲ ಗೊತ್ತು. ಮಹಿಳೆಯೊಬ್ಬರ ಶವವನ್ನು ಊರಿಗೆ ಒಯ್ಯುತ್ತಿದ್ದ ಆಂಬುಲೆನ್ಸ್ ಮುಳುಗಿದ ಸೇತುವೆಯ ಮುಂದೆ ನಿಂತಿತು. ಒಳಗೆ ಮಕ್ಕಳೂ ಇದ್ದರು. ಆ ಊರಿನ ಹನ್ನೆರಡು ವರ್ಷದ ಬಾಲಕನೊಬ್ಬ ನೀರಿನಲ್ಲಿ ಮುಂದೆ ಮುಂದೆ ನಡೆಯುತ್ತ, ಬೀಳುತ್ತ ಏಳುತ್ತ ದಾರಿ ತೋರಿಸಿ ಗಾಡಿಯನ್ನು ದಾಟಿಸಿದ. ಆ ವಿಡಿಯೋ ನೋಡಿ ಕಣ್ಣೀರು ಹಾಕದವರಿಲ್ಲ. ಅವನಿಗೆ ರಾಷ್ಟ್ರಮಟ್ಟದ ಶೌರ್ಯ ಪ್ರಶಸ್ತಿಯೂ ಬಂತು, ಬರಬೇಕಾದದ್ದೇ. ಆದರೆ ಅವನ ಧೈರ್ಯವನ್ನು ಹೊಗಳುವಾಗ ದೊಡ್ಡವರಾದ ನಾವು ಒಂದು ಮಾತನ್ನು ನುಂಗಿಕೊಳ್ಳುತ್ತೇವೆ. ಮಗುವನ್ನು ಮುಂದೆ ಬಿಟ್ಟು ದಾಟುವ ಸ್ಥಿತಿ ಬಾರದಂತೆ ನೋಡಿಕೊಳ್ಳುವುದು ದೊಡ್ಡವರ ಕೆಲಸವಾಗಿತ್ತು. ಅಂದು ಆ ಬಾಲಕ ಕಾಲು ಜಾರಿ ಹೋಗಿದ್ದರೆ?

ನಮ್ಮ ಮಕ್ಕಳ ವಿಷಯಕ್ಕೆ ಬಂದರೆ, ಹಾಸ್ಟೆಲ್, ಬೋರ್ಡಿಂಗ್‌ಗಳಲ್ಲಿ ಓದುವ ಮಕ್ಕಳನ್ನು ದಸರಾ ರಜೆಗೆ ಕಳುಹಿಸುವಾಗ ನಾವು ಕೇಳುವುದು 'ಯಾರು ಕರೆದುಕೊಂಡು ಹೋಗಲು ಬಂದಿದ್ದಾರೆ?' ಎಂಬುದು ಮಾತ್ರ. ಹೊಳೆಯ ಆಚೆಯ ಮಕ್ಕಳ ವಿಷಯದಲ್ಲಿ ಇನ್ನೊಂದು ಪ್ರಶ್ನೆ ಬೇಕು: 'ಇವತ್ತು ದಾಟಲು ಆಗದಿದ್ದರೆ ಎಲ್ಲಿ ಉಳಿಯುತ್ತೀರಿ?' ಉತ್ತರ ಇಲ್ಲದಿದ್ದರೆ ಮಗುವನ್ನು ಎರಡು ದಿನ ಹಾಸ್ಟೆಲಿನಲ್ಲಿಯೇ ಇಟ್ಟುಕೊಳ್ಳುವುದು ವಾರ್ಡನ್ನರಿಗೆ ಕಷ್ಟವೇನಲ್ಲ. ಮಕ್ಕಳು ಅಳುತ್ತಾರೆ, ಅಳಲಿ.

ದಡದ ಈಚೆಯ ಮನೆ

ಕೇರಳದ ಉದಾಹರಣೆ ನೋಡಿ. 2018ರ ಆಗಸ್ಟ್‌ನಲ್ಲಿ, ಓಣಂ ಎದುರಿಗಿದ್ದಾಗ, ಕೊಚ್ಚಿ ವಿಮಾನ ನಿಲ್ದಾಣಕ್ಕೆ ನೀರು ನುಗ್ಗಿ 15ರಿಂದ 29ರವರೆಗೆ ಮುಚ್ಚಿತ್ತು. ಕೊಲ್ಲಿ ದೇಶಗಳಿಂದ ಹಬ್ಬಕ್ಕೆ ಹೊರಟಿದ್ದವರು ಪ್ರಯಾಣ ಬಿಡಬೇಕಾಯಿತು, ಇಲ್ಲವೇ ಬೇರೆ ಊರುಗಳಲ್ಲಿ ಇಳಿಯಬೇಕಾಯಿತು. ಅದೇ ವಾರ ನಮ್ಮ ಕೊಡಗಿನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಮಡಿಕೇರಿ-ಮಂಗಳೂರು ರಸ್ತೆಯೇ ಇಲ್ಲದಂತಾಯಿತು. ವಿಮಾನ ನಿಂತರೆ, ಹೆದ್ದಾರಿ ಮುಚ್ಚಿದರೆ ಮನುಷ್ಯ ವಿಧಿಯಿಲ್ಲದೆ ನಿಲ್ಲುತ್ತಾನೆ. ಪುಟ್ಟಿಯ ಕಡವನ್ನು ಮುಚ್ಚಲು ಅಲ್ಲಿ ಯಾವ ಗೇಟೂ ಇಲ್ಲ. ಪ್ರವಾಹದ ದಿನಗಳಲ್ಲಿ ಅಧಿಕಾರಿಗಳು ಡಂಗುರ ಸಾರಿಸುತ್ತಾರೆ, ಪುಟ್ಟಿ ಹಾಕಬಾರದೆಂದು ಹೇಳುತ್ತಾರೆ. ಡಂಗುರ ಸಾರಿದವನು ಹೋದಮೇಲೆ ನಿಲ್ಲುವುದು ಬಿಡುವುದು ನಮಗೆ ಬಿಟ್ಟದ್ದು.

ಅದಕ್ಕೇ ಈಚೆ ದಡದಲ್ಲಿ ಒಂದು ಮನೆ ಗೊತ್ತುಮಾಡಿಕೊಳ್ಳುವುದು ಎಲ್ಲಕ್ಕಿಂತ ಮೊದಲಿನ ಕೆಲಸ ಎಂದು ನಾವು ಹೇಳುವುದು. ಬೀಗರ ಮನೆಯಾಗಲಿ, ಪರಿಚಯದ ಅಂಗಡಿಯ ಪಡಸಾಲೆಯಾಗಲಿ, ಶಾಲೆಯ ಕೋಣೆಯಾಗಲಿ. ಮಳೆಗಾಲಕ್ಕೆ ಮೊದಲೇ ಮಾತಾಡಿಟ್ಟರೆ ಆ ಸಂಜೆ ಸಂಕೋಚವಿರುವುದಿಲ್ಲ. ದಡದ ಊರುಗಳಲ್ಲಿ ಇರುವ ನಮ್ಮ ಕುಟುಂಬಗಳು ಇದನ್ನು ತಾವಾಗಿಯೇ ಮುಂದೆ ಬಂದು ಹೇಳಬೇಕು: 'ಅಕ್ಕಾ, ನೀರು ಹೆಚ್ಚಿದ್ದರೆ ದಾಟಬ್ಯಾಡ್ರಿ, ನಮ್ಮನ್ಯಾಗ ಇರ್ರಿ.' ಎರಡು ರೊಟ್ಟಿ, ಒಂದು ಚಾಪೆ, ಇಷ್ಟೇ ಖರ್ಚು. ಆಚೆಯ ಮನೆಯವರೂ ತಮ್ಮ ಕಡೆ ಒಂದು ಏರ್ಪಾಡು ಮಾಡಿಕೊಳ್ಳಬೇಕು. ದೊಡ್ಡವರು ಬರದಿದ್ದರೆ ಆ ರಾತ್ರಿ ಮಕ್ಕಳಿಗೆ ಯಾರು ಉಣಿಸುತ್ತಾರೆ, ದನಗಳಿಗೆ ಯಾರು ಮೇವು ಹಾಕುತ್ತಾರೆ ಎಂದು ನೆರೆಯವರೊಡನೆ ಮೊದಲೇ ಮಾತಾಗಿರಬೇಕು. ಎಮ್ಮೆಯ ಚಿಂತೆ ಇಲ್ಲದವನು ದಡದಲ್ಲಿ ಸಮಾಧಾನವಾಗಿ ಕೂರುತ್ತಾನೆ.

ದಾಟುವ ದಿನವೇ ಆದರೆ, ಬೆಳಕಿರುವಾಗಲೇ ಕಡವಿಗೆ ಬರಬೇಕು. ಪುಟ್ಟಿಯವನು 'ಇವತ್ತು ಬೇಡ' ಎಂದರೆ ಹೆಚ್ಚು ದುಡ್ಡಿನ ಆಸೆ ತೋರಿಸಬಾರದು. ಅವನು ಹೊಳೆಯನ್ನು ಓದಬಲ್ಲವನು, ನಮ್ಮ ನೋಟಿನಿಂದ ಅವನ ಓದನ್ನು ಕೆಡಿಸಬಾರದು. ಅಕ್ಕಿ ಮೂಟೆ, ಗೊಬ್ಬರದ ಚೀಲಗಳನ್ನು ಜನರೊಡನೆ ಏರಿಸದೆ ಬೇರೆ ಸರದಿಗೆ ಬಿಡಬೇಕು. ಲೈಫ್ ಜಾಕೆಟ್ ಇದ್ದರೆ ಗೂಟಕ್ಕೆ ತೂಗುಹಾಕದೆ ಮೈಗೆ ಕಟ್ಟಿಕೊಳ್ಳಬೇಕು, ಮೊದಲು ಮಕ್ಕಳಿಗೆ. ಜಾಕೆಟ್ ಇಲ್ಲದಿದ್ದರೆ ಬಾಯಿ ಬಿಗಿದ ಖಾಲಿ ಪ್ಲಾಸ್ಟಿಕ್ ಕ್ಯಾನುಗಳನ್ನಾದರೂ ಪುಟ್ಟಿಯಲ್ಲಿ ಇಟ್ಟುಕೊಳ್ಳಬೇಕು, ಬಿದ್ದವನಿಗೆ ಹಿಡಿದು ತೇಲಲು ಅಷ್ಟಾದರೂ ಆಸರೆ. ಕುಡಿದವರನ್ನು ಹತ್ತಿಸಲೇಬಾರದು, ಅವರು ಊರಿನ ಹಿರಿಯರಾದರೂ ಸರಿ. ಇನ್ನು ಕೃಷ್ಣೆಯಲ್ಲಿ ಮೊಸಳೆಗಳಿವೆ ಎಂಬುದನ್ನು ಪಟ್ಟಣದಿಂದ ಬಂದ ಮೊಮ್ಮಕ್ಕಳಿಗೆ ಹೇಳಿಡಬೇಕು. ದಂಡೆಯಲ್ಲಿ ಕಾಲು ಇಳಿಬಿಟ್ಟು ಫೋಟೋ ತೆಗೆಸಿಕೊಳ್ಳುವ ಹುಚ್ಚು ಅವರಿಗೆ ಜಾಸ್ತಿ.

ನೀರು ಇಳಿದ ಮೇಲೆ ಮನೆಗೆ ಮರಳುವುದೂ ಒಂದು ಪ್ರಯಾಣವೇ. 2009ರಲ್ಲಿ ಉತ್ತರ ಕರ್ನಾಟಕದಲ್ಲಿ ಗೋಡೆ ಕುಸಿದು ಸತ್ತವರು ಬಹಳ ಮಂದಿ. ನಮ್ಮ ಮಣ್ಣಿನ ಗೋಡೆ ನೀರಿನಲ್ಲಿ ನಿಂತಿರುತ್ತದೆ, ಬಿಸಿಲು ಬಿದ್ದ ಮೇಲೆ ಒಣಗುತ್ತ ಬಿರುಕು ಬಿಟ್ಟು ಬೀಳುತ್ತದೆ. ಆದ್ದರಿಂದ ಮೊದಲ ದಿನವೇ ಒಳಗೆ ಹೋಗಿ ಮಲಗಬಾರದು. ಹೊರಗಿನಿಂದ ಸುತ್ತಿ ನೋಡಿ, ಬಾಗಿಲು ತೆರೆದಿಟ್ಟು, ಕರೆಂಟಿನ ಮೇನ್ ಸ್ವಿಚ್ ಆರಿಸಿರುವುದನ್ನು ಖಚಿತ ಮಾಡಿಕೊಂಡು, ಕೋಲಿನಿಂದ ಮೂಲೆ ತಡಕಿ ಹಾವು ಚೇಳು ನೋಡಿ ಆಮೇಲೆ ಕಾಲಿಡಬೇಕು. ಬಾವಿಯ ನೀರನ್ನು ಕುದಿಸದೆ ಕುಡಿಯಬಾರದು. ರೇಷನ್ ಕಾರ್ಡ್, ಆಧಾರ್, ಬ್ಯಾಂಕ್ ಪಾಸ್‌ಬುಕ್, ಪಹಣಿಗಳ ಜೆರಾಕ್ಸ್ ಪ್ರತಿಯನ್ನು ದೂರದ ಊರಿನಲ್ಲಿರುವ ಮಗನೋ ಮಗಳೋ ಇಟ್ಟುಕೊಂಡಿದ್ದರೆ ಪರಿಹಾರಕ್ಕಾಗಿ ಕಚೇರಿ ಅಲೆಯುವಾಗ ಅದೇ ದೊಡ್ಡ ಆಸ್ತಿ.

ಕೊನೆಯದಾಗಿ ಫೋನಿನ ಮಾತು. 112 ದೇಶಕ್ಕೆಲ್ಲ ಒಂದೇ, 108 ಆಂಬುಲೆನ್ಸ್ ಎರಡೂ ರಾಜ್ಯಗಳಲ್ಲಿದೆ. ಗಡಿಯಲ್ಲಿ ನಮ್ಮ ಮೊಬೈಲ್ ಆಚೆ ರಾಜ್ಯದ ಟವರನ್ನು ಹಿಡಿಯುವುದುಂಟು. ಎತ್ತಿದವರು ತೆಲುಗಿನಲ್ಲಿ ಮಾತಾಡಿದರೆ ಗಾಬರಿಯಾಗಿ ಇಡಬೇಡಿ. ಮೊದಲು ರಾಜ್ಯ, ಆಮೇಲೆ ಜಿಲ್ಲೆ, ಮಂಡಲ ಅಥವಾ ತಾಲ್ಲೂಕು, ಊರು, ಹೊಳೆಯ ಯಾವ ದಡ ಎಂಬುದನ್ನು ಹೇಳಿ. ಹಳೆಯ ಹೆಸರಿನ ರೂಢಿಯಲ್ಲಿ ಮಹಬೂಬನಗರ ಜಿಲ್ಲೆ ಎಂದರೆ ಆಂಬುಲೆನ್ಸ್ ಬೇರೆಲ್ಲೋ ಹುಡುಕೀತು. ಗದ್ವಾಲ 2016ರಿಂದ, ನಾರಾಯಣಪೇಟೆ 2019ರಿಂದ ಬೇರೆ ಜಿಲ್ಲೆಗಳು. ಇದನ್ನು ಒಂದು ಚೀಟಿಯಲ್ಲಿ ಬರೆದು, ಈಚೆ ದಡದ ಮನೆಯವರ ಫೋನ್ ನಂಬರನ್ನೂ ಸೇರಿಸಿ, ಹಾಸ್ಟೆಲಿನಿಂದ ಬರುವ ಮಗುವಿನ ಚೀಲದಲ್ಲಿ ಹಾಕಿಡಿ.